ಒಂದೇ ಪಂದ್ಯಕ್ಕೆ ಮುಗಿದ ಸೀಸನ್

ಪ್ರಶ್ನೆ: ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೇನೆ. ಅಂಬ್ಲಿಗೊಳದಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುತ್ತೇನೆ. ಮನೆಯಲ್ಲಿ ಗೋವಿನಜೋಳ, ಭತ್ತ, ಸ್ವಲ್ಪ ಅಡಿಕೆ ಇದೆ. ನಮ್ಮ ಕಡೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಆಡುವವರು ಹೆಚ್ಚು, ಫುಟ್‌ಬಾಲ್ ಆಡುವವರು ಕಡಿಮೆ. ಆದರೂ ಹುಡುಗರನ್ನು ಒಬ್ಬೊಬ್ಬರನ್ನಾಗಿ ಹಿಡಿದು ತಂದು ಕಾಲೇಜಿನಲ್ಲಿ ಒಂದು ಟೀಮ್ ಕಟ್ಟಿದೆವು. ಈ ವರ್ಷ ನಾನೇ ಕ್ಯಾಪ್ಟನ್. ಮಳೆಗಾಲವೆಲ್ಲ ಕೆಸರಿನಲ್ಲೇ ಪ್ರಾಕ್ಟೀಸ್ ಮಾಡಿದೆವು.

ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿಯಲ್ಲಿ ಮೊದಲ ಪಂದ್ಯವೇ ಡ್ರಾ ಆಗಿ ಟೈಬ್ರೇಕರ್‌ಗೆ ಹೋಯಿತು. ನಮ್ಮ ಗೋಲ್‌ಕೀಪರ್ ಎರಡನೇ ವರ್ಷದ ಹುಡುಗ, ಒಂದು ಪೆನಾಲ್ಟಿ ಹಿಡಿದ. ನಮ್ಮ ಕಡೆ ಮೂರನೇ ಕಿಕ್ ತಪ್ಪಿತ್ತು. ಕೊನೆಯದು ನನ್ನದು. ಹೊಡೆದರೆ ಸಮ, ತಪ್ಪಿದರೆ ಮನೆಗೆ. ಕ್ರಾಸ್‌ಬಾರ್ ಮೇಲೆ ಹೋಯಿತು. 3-4ರಲ್ಲಿ ಸೋತೆವು. ಇಡೀ ವರ್ಷದ ಸೀಸನ್ ಅಲ್ಲಿಗೇ ಮುಗಿಯಿತು.

ಆಮೇಲೆ ಟೀಮಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನನ್ನ ಕಿಕ್ಕಿನ ವಿಡಿಯೊ ಹಾಕಿ ನಕ್ಕರು. ಕೆಲವರು ಗ್ರೂಪ್ ಬಿಟ್ಟರು. ಗೋಲ್‌ಕೀಪರ್ ಎದುರು ಸಿಕ್ಕರೂ ಮಾತಾಡುವುದಿಲ್ಲ. 'ಇಷ್ಟು ದಿನ ಬೆಳಿಗ್ಗೆ ಎದ್ದು ಓಡಿದ್ದಕ್ಕೆ ಏನು ಬಂತು? ಜೋಳ ಮುರಿಯೋಕೆ ಬಾ ಅಂದ್ರೆ ಪ್ರಾಕ್ಟೀಸ್ ಅಂತಿದ್ದೆ' ಎಂದು ಅಪ್ಪ ಹೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹಾಜರಾತಿಯೂ ಕಡಿಮೆ ಆಗಿದೆ. ರಾತ್ರಿ ಕಣ್ಣು ಮುಚ್ಚಿದರೆ ಆ ಕಿಕ್ಕೇ ಬರುತ್ತದೆ, ನಿದ್ದೆ ಹತ್ತುವುದಿಲ್ಲ. ಕ್ಯಾಪ್ಟನ್ ಸ್ಥಾನ ಬಿಟ್ಟುಬಿಡಲೇ? ಆಟವನ್ನೇ ಬಿಡಲೇ?

— ಹೆಸರು ಬೇಡ, ಅಂಬ್ಲಿಗೊಳ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಸೇರಿಕೊಂಡಿವೆ. ತಪ್ಪಿದ ಪೆನಾಲ್ಟಿ ಒಂದು, ಮುರಿದುಕೊಂಡಂತೆ ಕಾಣುವ ಟೀಮ್ ಇನ್ನೊಂದು, ಅಪ್ಪ ಕೇಳಿದ ಪ್ರಶ್ನೆ ಮತ್ತೊಂದು. ಮೂರನ್ನೂ ಒಟ್ಟಿಗೆ ಹೊತ್ತುಕೊಂಡು ಮಲಗಿದರೆ ಯಾರಿಗೂ ನಿದ್ದೆ ಬರುವುದಿಲ್ಲ. ಒಂದೊಂದಾಗಿ ಇಳಿಸೋಣ.

ಮೊದಲು ನಿದ್ದೆಯ ಮಾತು, ಏಕೆಂದರೆ ಅದು ಕಾಯುವುದಿಲ್ಲ. ಸೋತ ಮೇಲೆ ಕೆಲವು ದಿನ ಮನಸ್ಸು ಅಲ್ಲಿಗೇ ಹೋಗಿ ನಿಲ್ಲುವುದು ಸಹಜ. ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ, ಊಟ ಸೇರದಿದ್ದರೆ, ಕಾಲೇಜಿಗೆ ಹೋಗಲೂ ಮನಸ್ಸಾಗದಿದ್ದರೆ ಸುಮ್ಮನಿರಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ಮಂಗಳವಾರ ಮನೋವೈದ್ಯರು ಸಿಗುತ್ತಾರೆ, ಯಾವ ಮಂಗಳವಾರ ಎಂದು ವಿಚಾರಿಸಿ ಹೋಗಿ. ಬದುಕೇ ಬೇಡ ಎನ್ನುವ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ, ಆ ಕ್ಷಣವೇ ಮನೆಯವರಿಗೆ ಹೇಳಿ, ಆ ನಂಬರಿಗೆ ಕರೆ ಮಾಡಿ. ಮಲಗುವ ಮುಂಚೆ ಆ ವಿಡಿಯೊ ನೋಡುವುದನ್ನು ಇವತ್ತೇ ನಿಲ್ಲಿಸಿ. ನಿಮ್ಮ ಫೋನಿನಲ್ಲಿದ್ದರೆ ಅಳಿಸಿಬಿಡಿ.

ಈಗ ಆಟದ ವಿಷಯ. ಪತ್ರದಲ್ಲಿ ಒಂದು ಸಾಲು ಬರೆದಿದ್ದೀರಿ: 'ಇಡೀ ವರ್ಷದ ಸೀಸನ್ ಅಲ್ಲಿಗೇ ಮುಗಿಯಿತು.' ನೀವು ಆ ಸಾಲನ್ನು ನಿಮ್ಮ ಮೇಲಿನ ಆರೋಪದಂತೆ ಓದಿಕೊಂಡಿದ್ದೀರಿ. ನನಗೆ ಅದರಲ್ಲಿ ಬೇರೆ ಒಂದು ಸಂಗತಿ ಕಾಣುತ್ತದೆ. ನಿಮ್ಮ ಟೀಮಿಗೆ ಈ ವರ್ಷ ಸಿಕ್ಕಿದ್ದು ಒಂದೇ ಒಂದು ಪಂದ್ಯ. ನಾಕೌಟ್ ಟೂರ್ನಿಯ ಕ್ರಮವೇ ಹಾಗೆ. ಮೊದಲ ಸುತ್ತಿನಲ್ಲಿ ಆಡುವ ತಂಡಗಳಲ್ಲಿ ಅರ್ಧದಷ್ಟು ಒಂದೇ ಪಂದ್ಯ ಆಡಿ ಬಸ್ಸು ಹತ್ತುತ್ತವೆ. ಹಣ, ಸಮಯ, ಮೈದಾನ ಎಲ್ಲ ಕಡಿಮೆ ಇರುವುದರಿಂದ ವಿಶ್ವವಿದ್ಯಾಲಯಗಳು ಹೀಗೆ ನಡೆಸುತ್ತವೆ, ಅದು ಅರ್ಥವಾಗುವ ಮಾತೇ. ಆದರೆ ಒಂದು ಪಂದ್ಯದಿಂದ ಒಂದು ತಂಡದ ಯೋಗ್ಯತೆ ತಿಳಿಯುವುದಿಲ್ಲ, ಒಬ್ಬ ಆಟಗಾರನದಂತೂ ತಿಳಿಯುವುದೇ ಇಲ್ಲ.

ಕತಾರ್‌ನಲ್ಲಿ 2022ರ ವಿಶ್ವಕಪ್ ನಡೆದಾಗ ನೀವು ರಾತ್ರಿ ಎಚ್ಚರವಿದ್ದು ನೋಡಿರಬಹುದು. ಅರ್ಜೆಂಟೀನಾ ನವೆಂಬರ್ 22ರಂದು ತನ್ನ ಮೊದಲ ಪಂದ್ಯದಲ್ಲಿ ಸೌದಿ ಅರೇಬಿಯಾ ಎದುರು 1-2ರಿಂದ ಸೋತಿತು. ಅದು ನಾಕೌಟ್ ಆಗಿದ್ದರೆ ಮೆಸ್ಸಿಯ ಟೀಮ್ ಅಂದೇ ಗಂಟುಮೂಟೆ ಕಟ್ಟಬೇಕಿತ್ತು. ಅಲ್ಲಿ ಪ್ರತಿ ತಂಡಕ್ಕೂ ಗುಂಪಿನಲ್ಲಿ ಮೂರು ಪಂದ್ಯ ಖಾತರಿ ಇತ್ತು. ಮೂರನೇ ಪಂದ್ಯದಲ್ಲಿ, ಪೋಲೆಂಡ್ ಎದುರು, ಮೆಸ್ಸಿ ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದ. ಆದರೂ ತಂಡ 2-0ಯಿಂದ ಗೆದ್ದಿತು. ಡಿಸೆಂಬರ್ 18ರಂದು ಫ್ರಾನ್ಸ್ ವಿರುದ್ಧ ಫೈನಲ್ ಟೈಬ್ರೇಕರ್‌ಗೆ ಹೋದಾಗ ಅರ್ಜೆಂಟೀನಾದ ಮೊದಲ ಕಿಕ್ ತೆಗೆದುಕೊಂಡವರು ಅದೇ ಮೆಸ್ಸಿ. ಸೋತ ಮೇಲೆ, ಪೆನಾಲ್ಟಿ ತಪ್ಪಿದ ಮೇಲೆ ಮತ್ತೆ ಆಡಲು ಅವರಿಗೆ ಪಂದ್ಯಗಳಿದ್ದವು.

ನಮ್ಮ ದೇಶದ ಫುಟ್‌ಬಾಲಿನಲ್ಲಿ ನಿಮ್ಮ ಕಥೆಗೆ ಇನ್ನೂ ಹತ್ತಿರದ ಒಂದು ಘಟನೆ ಇದೆ. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಲಂಡನ್ ಒಲಿಂಪಿಕ್ಸ್. ಭಾರತ ಆಡಿದ್ದು ಒಂದೇ ಪಂದ್ಯ, ಜುಲೈ 31ರಂದು ಫ್ರಾನ್ಸ್ ಎದುರು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಭಾರತದ ಒಂದೇ ಒಂದು ಗೋಲು ಹೊಡೆದವರು ಮೈಸೂರು ರಾಜ್ಯದ ತಂಡಕ್ಕೆ ಆಡುತ್ತಿದ್ದ ಸಾರಂಗಪಾಣಿ ರಾಮನ್. ಆ ಪಂದ್ಯದಲ್ಲಿ ನಮಗೆ ಎರಡು ಪೆನಾಲ್ಟಿ ಸಿಕ್ಕವು. ಎರಡೂ ತಪ್ಪಿದವು. ಒಂದನ್ನು ಹೊಡೆದವರು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾಬೀರ್ ಪ್ರಸಾದ್. ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಗೋಲು ಹೊಡೆದು 2-1ರಿಂದ ಗೆದ್ದಿತು. ನಾಕೌಟ್ ಆದ್ದರಿಂದ ಭಾರತದ ಫುಟ್‌ಬಾಲ್ ತಂಡದ ಒಲಿಂಪಿಕ್ಸ್ ಅಲ್ಲಿಗೇ ಮುಗಿಯಿತು.

ಮನ್ನಾ ಆಟ ಬಿಡಲಿಲ್ಲ. ತಂಡವೂ ಅವರನ್ನು ಬಿಡಲಿಲ್ಲ. 1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್ ನಡೆದಾಗ ಭಾರತದ ಕ್ಯಾಪ್ಟನ್ ಅವರೇ. ಇಂಡೊನೇಷ್ಯಾ ಮತ್ತು ಅಫ್ಘಾನಿಸ್ತಾನವನ್ನು ತಲಾ ಮೂರು ಗೋಲುಗಳಿಂದ ಸೋಲಿಸಿ, ಫೈನಲ್‌ನಲ್ಲಿ ಇರಾನನ್ನು 1-0ಯಿಂದ ಮಣಿಸಿ ಚಿನ್ನ ಗೆದ್ದರು. ನಾಳೆ ನೀವೂ ಚಿನ್ನ ಗೆಲ್ಲುತ್ತೀರಿ ಎಂದು ಹುರಿದುಂಬಿಸಲು ನಾನು ಇದನ್ನು ಹೇಳುತ್ತಿಲ್ಲ. ದೇಶಕ್ಕಾಗಿ, ಒಲಿಂಪಿಕ್ಸ್‌ನಲ್ಲಿ, ಇದ್ದ ಒಂದೇ ಪಂದ್ಯದಲ್ಲಿ ಪೆನಾಲ್ಟಿ ತಪ್ಪಿಸಿದವರ ಕೈಗೇ ಮೂರು ವರ್ಷದೊಳಗೆ ಕ್ಯಾಪ್ಟನ್ ಪಟ್ಟಿ ಬಂತು. ಅವರ ಸುತ್ತ ಇದ್ದವರು ಆ ಕಿಕ್ಕನ್ನು ನೋಡಿದ್ದರು, ಅದರ ಹಿಂದೆ ಇದ್ದ ಆಟಗಾರನನ್ನೂ ನೋಡಿದ್ದರು. ನೀವೂ ನಿಮ್ಮನ್ನು ಹಾಗೆಯೇ ನೋಡಿಕೊಳ್ಳಬೇಕು.

ಪೆನಾಲ್ಟಿ ಕಿಕ್ಕಿನ ಬಗ್ಗೆಯೂ ಸ್ವಲ್ಪ ತಿಳಿದುಕೊಳ್ಳಿ. ತಿಳಿದರೆ ಅದರ ಭಯ ಇಳಿಯುತ್ತದೆ. ಪೆನಾಲ್ಟಿ ಗುರುತು ಗೋಲಿನಿಂದ 11 ಮೀಟರ್. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ನೋಡುವವರಿಗೆ ಸುಲಭ ಅನಿಸುತ್ತದೆ. ಆದರೆ ಸಂಬಳ ಪಡೆದು ದಿನವಿಡೀ ಇದನ್ನೇ ಅಭ್ಯಾಸ ಮಾಡುವ ವೃತ್ತಿ ಆಟಗಾರರು ಹೊಡೆದರೂ ಸುಮಾರು ನಾಲ್ಕರಲ್ಲಿ ಒಂದು ಗೋಲಾಗುವುದಿಲ್ಲ. ನಾರ್ವೆಯ ಕ್ರೀಡಾ ಮನೋವಿಜ್ಞಾನಿ ಗೇರ್ ಯೋರ್ಡೆಟ್ ದೊಡ್ಡ ಟೂರ್ನಿಗಳ ಟೈಬ್ರೇಕರ್‌ಗಳನ್ನು ಒಂದೊಂದಾಗಿ ನೋಡಿ ಅಧ್ಯಯನ ಮಾಡಿದ್ದಾರೆ. 'ಇದು ಹೋದರೆ ಗೆದ್ದೆವು' ಎನ್ನುವ ಹೊತ್ತಿನ ಕಿಕ್ಕುಗಳಿಗಿಂತ 'ಇದು ತಪ್ಪಿದರೆ ಸೋತೆವು' ಎನ್ನುವ ಹೊತ್ತಿನ ಕಿಕ್ಕುಗಳು ಬಹಳ ಹೆಚ್ಚು ಸಲ ತಪ್ಪುತ್ತವೆ ಎಂದು ಅವರು ಕಂಡುಕೊಂಡರು. ನಿಮ್ಮದು ಎರಡನೇ ಬಗೆಯದು, ಎಲ್ಲಕ್ಕಿಂತ ಕಷ್ಟದ್ದು. ಅದನ್ನು ಬೇರೆ ಹುಡುಗನ ಹೆಗಲಿಗೆ ಹಾಕದೆ ನೀವೇ ಹೋಗಿ ನಿಂತಿರಿ. ಕ್ಯಾಪ್ಟನ್ ಮಾಡಬೇಕಾದ ಕೆಲಸ ಅದು, ಮಾಡಿದ್ದೀರಿ.

ಯೋರ್ಡೆಟ್ ಅವರ ಅಧ್ಯಯನದಲ್ಲಿ ನಿಮಗೆ ಉಪಯೋಗಕ್ಕೆ ಬರುವ ಇನ್ನೊಂದು ಮಾತಿದೆ. ರೆಫರಿ ವಿಶಿಲ್ ಊದಿದ ತಕ್ಷಣ ಗಡಿಬಿಡಿಯಲ್ಲಿ ಓಡಿ ಹೊಡೆದವರು ಹೆಚ್ಚು ತಪ್ಪಿಸುತ್ತಾರೆ. ಒಮ್ಮೆ ಇದನ್ನು ಮುಗಿಸಿ ಬಿಡೋಣ ಎಂಬ ಆತುರ ಅದು. ಇನ್ನು ಮುಂದೆ ಪ್ರಾಕ್ಟೀಸ್ ಮುಗಿಯುವಾಗ, ಕಾಲು ಸೋತಿರುವ ಹೊತ್ತಿನಲ್ಲಿ, ಟೀಮಿನ ಎಲ್ಲರೂ ಒಂದೊಂದು ಪೆನಾಲ್ಟಿ ಹೊಡೆಯಲಿ. ವಿಶಿಲ್ ಆದ ಮೇಲೆ ಒಂದು ಉಸಿರು ತೆಗೆದುಕೊಂಡು, ಎಲ್ಲಿಗೆ ಹೊಡೆಯಬೇಕು ಎಂದು ಮೊದಲೇ ಗಟ್ಟಿಮಾಡಿಕೊಂಡು ಹೊಡೆಯುವುದನ್ನು ರೂಢಿಸಿಕೊಳ್ಳಲಿ. ಇದನ್ನು ನಿಮ್ಮಷ್ಟು ಚೆನ್ನಾಗಿ ಕಲಿಸಬಲ್ಲವರು ಈಗ ನಿಮ್ಮ ಟೀಮಿನಲ್ಲಿ ಬೇರೆ ಯಾರೂ ಇಲ್ಲ.

ಇನ್ನು ಟೀಮ್. ಪತ್ರದಲ್ಲಿ 'ಮೂರನೇ ಕಿಕ್ ತಪ್ಪಿತ್ತು' ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಆ ಹುಡುಗ ಯಾರು? ಅವನು ಈಗ ಹೇಗಿದ್ದಾನೆ? ಎಲ್ಲರೂ ನಿಮ್ಮ ಕಿಕ್ಕಿನ ಬಗ್ಗೆ ಮಾತಾಡುತ್ತಿರುವಾಗ ಅವನು ಒಳಗೊಳಗೇ ನಿಮಗಿಂತ ಹೆಚ್ಚು ನೋಯುತ್ತಿರಬಹುದು. ತನ್ನದು ಹೋಗಿದ್ದರೆ ಅಣ್ಣನ ಮೇಲೆ ಆ ಭಾರ ಬೀಳುತ್ತಿರಲಿಲ್ಲ ಎಂದು ಅವನಿಗೆ ಅನಿಸಿರಲಿಕ್ಕೂ ಸಾಕು. ಅವನ ಜೊತೆ ಕೂತು ಚಹಾ ಕುಡಿಯಿರಿ. ನಿಮ್ಮಿಬ್ಬರಿಗೂ ಹಗುರವಾಗುತ್ತದೆ.

ಗೋಲ್‌ಕೀಪರ್ ಹುಡುಗನ ಮೌನವನ್ನು ನೀವು ಕೋಪ ಎಂದು ತಿಳಿದಿದ್ದೀರಿ. ಇರಲೂಬಹುದು. ಇನ್ನೊಂದು ಸಾಧ್ಯತೆಯನ್ನೂ ಯೋಚಿಸಿ. ಆ ದಿನ ನಿಮ್ಮ ಟೀಮಿನಲ್ಲಿ ಎಲ್ಲರಿಗಿಂತ ದೊಡ್ಡ ಕೆಲಸ ಮಾಡಿದವನು ಅವನು. ಟೈಬ್ರೇಕರ್‌ನಲ್ಲಿ ಒಂದು ಪೆನಾಲ್ಟಿ ಹಿಡಿಯುವುದು ಸಣ್ಣ ಮಾತಲ್ಲ. ಆದರೆ ಪಂದ್ಯ ಮುಗಿದ ಮೇಲೆ ಮಾತೆಲ್ಲ ನಿಮ್ಮ ಕಿಕ್ಕಿನ ಸುತ್ತಲೇ ತಿರುಗಿತು. ಬೈದವರು ನಿಮ್ಮನ್ನು ಬೈದರು, ಸಮಾಧಾನ ಹೇಳಿದವರು ನಿಮಗೆ ಹೇಳಿದರು. ಅವನಿಗೆ 'ಚೆನ್ನಾಗಿ ಹಿಡಿದೆ' ಎಂದವರು ಯಾರಾದರೂ ಇದ್ದಾರೆಯೇ? ಕ್ಯಾಪ್ಟನ್ ಹೇಳಿದ್ದಾರೆಯೇ? ನಿಮ್ಮ ನೋವಿನಲ್ಲಿ ನಿಮಗೆ ಅದು ಹೊಳೆಯದೆ ಹೋಗಿರಬಹುದು. ಅವನ ಹತ್ತಿರ ಹೋಗಿ ಕ್ಷಮೆ ಕೇಳುತ್ತಾ ನಿಲ್ಲಬೇಡಿ. ಹಾಗೆ ಕೇಳಿದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವನ ಮೇಲೇ ಬೀಳುತ್ತದೆ. ಹೀಗೆ ಹೇಳಿ: 'ಅವತ್ತು ನೀನು ಹಿಡಿದದ್ದರಿಂದಲೇ ನಾವು ಕೊನೆ ಕಿಕ್‌ವರೆಗೂ ಇದ್ವಿ. ಅದನ್ನ ನಿನಗೆ ಅವತ್ತೇ ಹೇಳಬೇಕಿತ್ತು.' ಅಷ್ಟು ಸಾಕು. ಉತ್ತರ ಕೊಡಲು ಅವನಿಗೆ ಸಮಯ ಬೇಕಾದರೆ ಕೊಡಿ.

ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ವಾದಕ್ಕೆ ಇಳಿಯಬೇಡಿ. ವಿಡಿಯೊ ಹಾಕಿದವರಿಗೆ ಒಮ್ಮೆ, ಒಬ್ಬೊಬ್ಬರಿಗೇ, ಅದನ್ನು ತೆಗೆಯಲು ನೇರವಾಗಿ ಹೇಳಿ. ಕೇಳದಿದ್ದರೆ ನಿಮ್ಮ ಪಿಡಿ (ದೈಹಿಕ ಶಿಕ್ಷಣ ನಿರ್ದೇಶಕ) ಸರ್‌ಗೆ ತಿಳಿಸಿ. ಟೀಮಿನವರನ್ನು ಮೈದಾನದಲ್ಲಿ ಸೇರಿಸಿ ಮಾತಾಡಿ. ಅಲ್ಲಿ ಸೋಲಿನ ವಿಚಾರಣೆ ನಡೆಸಬೇಡಿ. ಒಂದೇ ವಿಷಯ ಮುಂದಿಡಿ: ನಮಗೆ ಪಂದ್ಯಗಳು ಸಾಲಲಿಲ್ಲ, ಇನ್ನು ಮುಂದೆ ಪಂದ್ಯಗಳನ್ನು ನಾವೇ ಮಾಡಿಕೊಳ್ಳೋಣ.

ನಾನು ನಿಮಗೆ ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ, ಆನಂದಪುರ, ಸಾಗರ, ಈ ಸುತ್ತಿನ ಕಾಲೇಜುಗಳಲ್ಲಿ ಫುಟ್‌ಬಾಲ್ ಆಡುವ ಹುಡುಗರು ಎಲ್ಲೆಲ್ಲಿ ಇದ್ದಾರೆ ಎಂದು ವಿಚಾರಿಸಿ. ನಾಲ್ಕು ಟೀಮ್ ಸಿಕ್ಕರೆ ಸಾಕು. ಎಲ್ಲರೂ ಎಲ್ಲರ ಜೊತೆ ಒಮ್ಮೊಮ್ಮೆ ಆಡಿದರೆ ಒಟ್ಟು ಆರು ಪಂದ್ಯ, ಪ್ರತಿ ಟೀಮಿಗೂ ಮೂರು. ತಮ್ಮ ಊರಲ್ಲಿ ಒಮ್ಮೆ, ಎದುರಾಳಿಯ ಊರಲ್ಲಿ ಒಮ್ಮೆ ಎಂದು ಆಡಿದರೆ ಪ್ರತಿ ಟೀಮಿಗೂ ಆರು ಪಂದ್ಯ. ಹನ್ನೊಂದು ಜನ ಕೂಡದಿದ್ದರೆ ಏಳೇಳು ಜನ ಆಡಿ, ಅರ್ಧಕ್ಕೆ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಕಪ್ಪು, ವೇದಿಕೆ, ಮೈಕು, ಅತಿಥಿಗಳು ಯಾವುದೂ ಬೇಡ. ಒಂದು ಒಳ್ಳೆಯ ಚೆಂಡು, ಎರಡು ನೆಟ್, ವಿಶಿಲ್ ಊದಲು ನಿಯಮ ಗೊತ್ತಿರುವ ಒಬ್ಬರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹೋಗಿಬರುವ ಬಸ್ ಚಾರ್ಜು. ಪ್ರಿನ್ಸಿಪಾಲರಿಗೆ ಲಿಖಿತವಾಗಿ ಕೇಳಿ, ಪಿಡಿ ಸರ್ ಮೂಲಕವೇ ಬೇರೆ ಕಾಲೇಜುಗಳಿಗೆ ಪತ್ರ ಹೋಗಲಿ. ನಿಮ್ಮ ಕಡೆ ದೀಪಾವಳಿಯ ನಂತರ ಹೋರಿ ಹಬ್ಬ ಶುರುವಾದರೆ ಭಾನುವಾರ ಹುಡುಗರು ಸಿಗುವುದಿಲ್ಲ ಎಂಬುದು ನಿಮಗೇ ಗೊತ್ತು. ಕೊಯ್ಲು, ಒಕ್ಕಣೆಯ ದಿನಗಳನ್ನೂ ಬಿಡಿ. ಅದೆಲ್ಲ ಮುಗಿದು ಪರೀಕ್ಷೆ ಶುರುವಾಗುವ ಮುಂಚೆ ಸಿಗುವ ವಾರಗಳನ್ನು ನೋಡಿಕೊಳ್ಳಿ.

ಹೀಗೆ ಎಲ್ಲರೂ ಎಲ್ಲರ ಜೊತೆ ಆಡುವ ಲೀಗ್ ಪಂದ್ಯಗಳಿಂದ ಏನು ಸಿಗುತ್ತದೆ ಎಂದರೆ, ಸೋತ ಮೇಲೂ ಮುಂದಿನ ಭಾನುವಾರ ಮತ್ತೆ ಪಂದ್ಯ ಇರುತ್ತದೆ. ತಪ್ಪಿಸಿದವನು ತನ್ನ ತಪ್ಪನ್ನು ತಿದ್ದಿಕೊಳ್ಳುತ್ತಾನೆ. ಬೈದವನಿಗೂ ಬೈಗುಳ ಮರೆಯುವಷ್ಟು ಕೆಲಸ ಸಿಗುತ್ತದೆ. ನಮ್ಮ ರಾಜ್ಯವನ್ನೇ ನೋಡಿ. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದ ಮೇಲೆ ಅದು ಮತ್ತೆ ಕರ್ನಾಟಕಕ್ಕೆ ಬಂದದ್ದು 2023ರ ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವೆ 54 ವರ್ಷ. ಅಷ್ಟು ವರ್ಷವೂ ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದಂಥ ಬಡಾವಣೆಗಳಲ್ಲಿ ಹುಡುಗರು ಆಡುತ್ತಲೇ ಇದ್ದರು, ಲೀಗ್ ಪಂದ್ಯಗಳು ನಡೆಯುತ್ತಲೇ ಇದ್ದವು. ಆ ಹುಡುಗರಲ್ಲಿ ಹೆಚ್ಚಿನವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಆಟ ಉಳಿದದ್ದು ಅವರಿಂದಲೇ. ಶಿಕಾರಿಪುರ, ಸೊರಬದ ಕಡೆ ಫುಟ್‌ಬಾಲ್ ಉಳಿಯಬೇಕಾದರೂ ದಾರಿ ಅದೇ, ಪ್ರತಿ ವರ್ಷ ತಪ್ಪದೆ ನಡೆಯುವ ಕೆಲವು ಸಾಧಾರಣ ಪಂದ್ಯಗಳು.

ಕ್ಯಾಪ್ಟನ್ ಸ್ಥಾನ ಬಿಡಲೇ ಎಂದು ಕೇಳಿದ್ದೀರಿ. ಅವಮಾನದಿಂದ ಈಗ ಬಿಡಬೇಡಿ. ಆದರೆ ನೀವು ಹೇಗೂ ಕೊನೆಯ ವರ್ಷದವರು. ಪರೀಕ್ಷೆಗೆ ಮುಂಚೆ ಎರಡನೇ ವರ್ಷದ ಒಬ್ಬ ಹುಡುಗನನ್ನು ಟೀಮಿನ ಎಲ್ಲರೂ ಕೂತು ಆರಿಸಲಿ. ಪಂದ್ಯ ಏರ್ಪಡಿಸುವುದು, ಪತ್ರ ಬರೆಯುವುದು, ಹೊಸಬರನ್ನು ಕರೆತರುವುದು, ಎಲ್ಲವನ್ನೂ ಅವನ ಜೊತೆ ನಿಂತು ಕಲಿಸಿ. ನೀವು ಹೋದ ಮೇಲೆ ಟೀಮ್ ಚದುರಿದರೆ ಅದು ನಿಜವಾದ ನಷ್ಟ. ಒಂದು ಪೆನಾಲ್ಟಿ ಅಷ್ಟು ದೊಡ್ಡದಲ್ಲ.

ಈಗ ಅಪ್ಪ. ಅವರ ಮಾತು ಚುಚ್ಚಿದೆ, ಗೊತ್ತು. ಆದರೆ ಅವರ ಪ್ರಶ್ನೆ ತಪ್ಪಲ್ಲ. ಮಳೆ ಹೇಗಾಗುತ್ತದೋ, ಜೋಳದ ರೇಟು ಏನಾಗುತ್ತದೋ ಎಂದು ಪ್ರತಿ ವರ್ಷ ಲೆಕ್ಕ ಹಾಕುವ ಮನುಷ್ಯ, ಮಗನ ದುಡಿಮೆಯ ಲೆಕ್ಕವನ್ನೂ ಹಾಕುತ್ತಾರೆ. ಆಟದಿಂದ ಏನು ಬಂತು ಎಂದು ವಾದ ಮಾಡಿ ಅವರನ್ನು ಗೆಲ್ಲಲು ಹೋಗಬೇಡಿ. ಹಾಜರಾತಿ ಶೇ 75ಕ್ಕೆ ಬರುವಂತೆ ಮಾಡಿಕೊಳ್ಳಿ, ಇಲ್ಲದಿದ್ದರೆ ಪರೀಕ್ಷೆಗೇ ಕೂರಲಾಗದು. ಇದು ಆಟಕ್ಕಿಂತ ಮೊದಲ ಕೆಲಸ. ಟೂರ್ನಿಗೆ ಹೋದ ದಿನಗಳಿಗೆ ಹಾಜರಾತಿ ಸಿಗುತ್ತದೆಯೇ ಎಂದು ಪಿಡಿ ಸರ್ ಹತ್ತಿರ ಕೇಳಿ, ಪತ್ರ ಪಡೆದುಕೊಳ್ಳಿ. ಜೋಳ ಮುರಿಯುವ ಹೊತ್ತಿನಲ್ಲಿ, ಭತ್ತದ ಕೊಯ್ಲಿನ ಹೊತ್ತಿನಲ್ಲಿ ಯಾವ ದಿನ ಹೊಲಕ್ಕೆ ಬರುತ್ತೀರಿ, ಯಾವ ದಿನ ಆಟಕ್ಕೆ ಹೋಗುತ್ತೀರಿ ಎಂದು ಅವರಿಗೆ ಮೊದಲೇ ಹೇಳಿ, ಹೇಳಿದಂತೆ ನಡೆಯಿರಿ. ಮಾತು ಉಳಿಸಿಕೊಳ್ಳುವ ಮಗನ ಆಟಕ್ಕೆ ಅಡ್ಡ ಬರುವ ಅಪ್ಪಂದಿರು ಕಡಿಮೆ.

ಮುಂದಿನ ಬದುಕಿನ ಬಗ್ಗೆ ನಿಮಗೆ ಸಿಹಿ ಮಾತು ಹೇಳಿ ಮೋಸ ಮಾಡಲಾರೆ. ದೊಡ್ಡ ಕ್ಲಬ್ಬುಗಳು ಹುಡುಗರನ್ನು ಹನ್ನೆರಡು ಹದಿಮೂರರ ವಯಸ್ಸಿನಲ್ಲೇ ಅಕಾಡೆಮಿಗೆ ಸೇರಿಸಿಕೊಂಡು ತಯಾರು ಮಾಡುತ್ತವೆ. ಡಿಗ್ರಿ ಮುಗಿಸುವ ಹೊತ್ತಿನಲ್ಲಿ ಆ ದಾರಿ ಬಹಳ ಕಿರಿದಾಗಿರುತ್ತದೆ. ಕ್ರೀಡಾ ಕೋಟಾದ ಕೆಲಸಗಳಿಗೂ ಸಾಮಾನ್ಯವಾಗಿ ಕಾಲೇಜು ಮಟ್ಟದ ಸರ್ಟಿಫಿಕೇಟ್ ಸಾಲುವುದಿಲ್ಲ. ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾಗಿ ಅಂತರ ವಿಶ್ವವಿದ್ಯಾಲಯ ಟೂರ್ನಿ ಆಡಿರುವುದು, ರಾಜ್ಯ ತಂಡಕ್ಕೆ ಆಡಿರುವುದು, ಹೀಗೆ ಬೇರೆ ಬೇರೆ ಮಟ್ಟ ಕೇಳುತ್ತಾರೆ. ಆಯಾ ಇಲಾಖೆಯ ಅಧಿಸೂಚನೆಯನ್ನೇ ಓದಿ, ಯಾರೋ ಹೇಳಿದ್ದನ್ನು ನಂಬಬೇಡಿ.

ಆದರೆ ಆಟದ ಪಕ್ಕದಲ್ಲೇ ಬದುಕುವ ದಾರಿಗಳಿವೆ. ಎರಡು ವರ್ಷದ ಬಿ.ಪಿ.ಇಡಿ ಮಾಡಿದರೆ ಹೈಸ್ಕೂಲು ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕಬಹುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೇ ದೈಹಿಕ ಶಿಕ್ಷಣದ ವಿಭಾಗ ಇದೆ, ಹೋಗಿ ಪ್ರವೇಶದ ವಿವರ ಕೇಳಿ. ಕೋಚ್ ಆಗುವ ಆಸೆ ಇದ್ದರೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಲೈಸೆನ್ಸ್ ಕೋರ್ಸುಗಳು ಕೆಳಗಿನ ಹಂತದಿಂದಲೇ ಶುರುವಾಗುತ್ತವೆ. ರೆಫರಿ ಪರೀಕ್ಷೆಯೂ ಇದೆ. ಇವುಗಳ ಮಾಹಿತಿಗೆ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯನ್ನು ಕೇಳಿ. ಓಡಾಡಿ, ಕಬಡ್ಡಿ ಆಡುವ ಹುಡುಗರನ್ನು ಫುಟ್‌ಬಾಲಿಗೆ ಎಳೆತಂದು, ಮಳೆಯಲ್ಲಿ ಅವರನ್ನು ಒಟ್ಟಿಗೆ ಹಿಡಿದಿಟ್ಟವರು ನೀವು. ಮಕ್ಕಳನ್ನು ಮೈದಾನಕ್ಕೆ ತರುವ ಶಿಕ್ಷಕನಿಗೆ ಬೇಕಾದ ಗುಣ ಅದು. ಅಪ್ಪ ಕೇಳಿದ 'ಏನು ಬಂತು' ಎಂಬ ಪ್ರಶ್ನೆಗೆ ನಿಮ್ಮ ಉತ್ತರ ಅಲ್ಲೇ ಇದೆ. ಬಾಯಲ್ಲಿ ಹೇಳುವ ಬದಲು ಒಂದು ಅರ್ಜಿ ತುಂಬಿ ತೋರಿಸಿ.

ಆಟ ಬಿಡಬೇಡಿ. ನಾಳೆ ಗೋಲ್‌ಕೀಪರ್ ಹತ್ತಿರ ಹೋಗಿ ಮಾತಾಡಿ. ಈ ವಾರ ಪಿಡಿ ಸರ್ ಜೊತೆ ಕೂತು ಬೇರೆ ಕಾಲೇಜುಗಳಿಗೆ ಹೋಗಬೇಕಾದ ಪತ್ರ ಸಿದ್ಧಮಾಡಿ. ಮುಂದಿನ ವರ್ಷ ನಿಮ್ಮ ಕಾಲೇಜಿನ ಟೀಮ್ ಅಂತರ ಕಾಲೇಜು ಟೂರ್ನಿಗೆ ಹೋದಾಗ ನೀವು ಆಡುತ್ತಿರುವುದಿಲ್ಲ. ಆದರೆ ಆ ಹುಡುಗರು ಅಷ್ಟರಲ್ಲಿ ಆರು ಪಂದ್ಯ ಆಡಿ ಹೋಗಿರಬೇಕು. ಅಲ್ಲಿಯೂ ಮೊದಲ ಸುತ್ತಿನಲ್ಲೇ ಸೋತರೆ ಸೋಲಲಿ, ಅವರ ವರ್ಷ ಒಂದು ಕಿಕ್ಕಿನ ಮೇಲೆ ನಿಂತಿರುವುದಿಲ್ಲ. ಅದನ್ನು ಅವರಿಗೆ ಮಾಡಿಕೊಡಲು ನಿಮಗೆ ಇನ್ನೂ ಒಂದು ಸೆಮಿಸ್ಟರ್ ಸಮಯ ಇದೆ.